ದೂರದಿಂದ ಖರೀದಿಸಿದ ವಜ್ರಾಭರಣಗಳ ಮೌಲ್ಯಮಾಪನ ಮತ್ತು ವಿಮೆ: ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳ ಗ್ರಾಹಕರ ಗಮನಕ್ಕೆ

1. ಪೀಠಿಕೆ

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ, ಹೊನ್ನಾವರ ಮತ್ತು ಕುಮಟಾ ತಾಲ್ಲೂಕುಗಳಲ್ಲಿ ಒಡವೆಯ ಖರೀದಿಯು ಬಹುಕಾಲದಿಂದ ಪರಿಚಿತ ಅಂಗಡಿಯಲ್ಲಿ ಕುಳಿತು, ವಸ್ತುವನ್ನು ಕೈಯಲ್ಲಿ ಹಿಡಿದು ನೋಡಿ, ಎದುರಿನಲ್ಲಿಯೇ ತೂಗಿಸಿ ನಡೆಸುವ ವ್ಯವಹಾರವಾಗಿತ್ತು. ಈಗ ಮುಂಬಯಿ, ಸೂರತ್ ಅಥವಾ ಬೆಂಗಳೂರಿನ ಮಾರಾಟಗಾರರಿಂದ ಅಂತರ್ಜಾಲದ ಮೂಲಕ ಒಡವೆ ತರಿಸಿಕೊಳ್ಳುವವರೂ, ಕೊಲ್ಲಿ ರಾಷ್ಟ್ರಗಳಲ್ಲಿ ಉದ್ಯೋಗದಲ್ಲಿರುವ ಮನೆಯವರು ಛಾಯಾಚಿತ್ರ ಕಳುಹಿಸಿ, ಊರಿನವರು ಒಪ್ಪಿದ ನಂತರ ಅಲ್ಲಿಯೇ ಕೊಂಡು ತರುವಂತೆ ಏರ್ಪಾಡು ಮಾಡಿಕೊಳ್ಳುವವರೂ ಇದ್ದಾರೆ. ಇಂತಹ ಖರೀದಿಯಲ್ಲಿ ಹಣ ಪಾವತಿಯಾಗುವ ವೇಳೆಗೆ ಗ್ರಾಹಕರು ವಸ್ತುವನ್ನು ಕಣ್ಣಾರೆ ಕಂಡಿರುವುದಿಲ್ಲ.

ಚಿನ್ನದ ಒಡವೆಯಾದಲ್ಲಿ ತೂಕ ಮತ್ತು ಪರಿಶುದ್ಧತೆ ತಿಳಿದರೆ ಬೆಲೆಯನ್ನು ಬಹುಮಟ್ಟಿಗೆ ಲೆಕ್ಕ ಹಾಕಬಹುದು. ವಜ್ರಕ್ಕೆ ಆ ಅನುಕೂಲವಿಲ್ಲ. ಒಂದೇ ತೂಕದ, ಬರಿಗಣ್ಣಿಗೆ ಒಂದೇ ರೀತಿ ಕಾಣುವ ಎರಡು ಹರಳುಗಳ ಬೆಲೆಯಲ್ಲಿ ಹಲವು ಪಟ್ಟು ವ್ಯತ್ಯಾಸವಿರಬಹುದು. ಆದುದರಿಂದ ದೂರದಿಂದ ಕೊಂಡ ವಜ್ರಾಭರಣವನ್ನು ಪರೀಕ್ಷೆಗೆ ಒಳಪಡಿಸುವ, ಅದರ ಮೌಲ್ಯವನ್ನು ನಿರ್ಧರಿಸಿಕೊಳ್ಳುವ ಮತ್ತು ವಿಮೆ ಮಾಡಿಸುವ ಕ್ರಮವನ್ನು ಸಾರ್ವಜನಿಕರ ಅನುಕೂಲಕ್ಕಾಗಿ ಈ ಕೆಳಗೆ ವಿವರಿಸಲಾಗಿದೆ.

2. ಮೂರು ದಾಖಲೆಗಳು, ಮೂರು ಪ್ರಶ್ನೆಗಳು

ಒಡವೆಯ ಜೊತೆಯಲ್ಲಿ ಬಂದ ಯಾವುದಾದರೊಂದು ಪ್ರಮಾಣಪತ್ರವಿದ್ದರೆ ಎಲ್ಲವೂ ಸರಿಯಿದೆ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ವಜ್ರಾಭರಣಕ್ಕೆ ಸಂಬಂಧಿಸಿದಂತೆ ಮೂರು ಪ್ರತ್ಯೇಕ ದಾಖಲೆಗಳಿದ್ದು, ಪ್ರತಿಯೊಂದೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ನೀಡುತ್ತದೆ.

(ಅ) ಹಾಲ್‌ಮಾರ್ಕ್: ಒಡವೆಯಲ್ಲಿರುವ ಚಿನ್ನ ಎಷ್ಟು ಪರಿಶುದ್ಧ ಎಂಬುದನ್ನು ಮಾತ್ರ ತಿಳಿಸುತ್ತದೆ. ಹರಳಿನ ಬಗ್ಗೆ ಏನನ್ನೂ ಹೇಳುವುದಿಲ್ಲ.

(ಆ) ಪ್ರಯೋಗಾಲಯದ ದರ್ಜೆ ವರದಿ: ಹರಳು ವಜ್ರವೇ, ನೈಸರ್ಗಿಕವೇ ಅಥವಾ ಪ್ರಯೋಗಾಲಯದಲ್ಲಿ ಬೆಳೆಸಿದ್ದೇ, ಅದರ ತೂಕ, ಬಣ್ಣ, ಸ್ವಚ್ಛತೆ ಮತ್ತು ಕಡಿತ ಯಾವ ದರ್ಜೆಯದು ಎಂಬುದನ್ನು ತಿಳಿಸುತ್ತದೆ. ಬೆಲೆಯನ್ನು ಹೇಳುವುದಿಲ್ಲ.

(ಇ) ಮೌಲ್ಯಮಾಪನ ವರದಿ: ನಿರ್ದಿಷ್ಟ ದಿನಾಂಕದಂದು, ನಿರ್ದಿಷ್ಟ ಉದ್ದೇಶಕ್ಕಾಗಿ, ಒಡವೆಯ ಬೆಲೆ ಎಷ್ಟು ಎಂಬುದನ್ನು ತಿಳಿಸುತ್ತದೆ.

ವಿಮಾ ಕಂಪನಿಯು ಒಡವೆಯ ಮೌಲ್ಯವನ್ನು ಒಪ್ಪಿಕೊಳ್ಳಲು ಮುಖ್ಯವಾಗಿ ಕೇಳುವುದು ಮೂರನೆಯ ದಾಖಲೆಯನ್ನು. ಆದರೆ ಮೊದಲಿನ ಎರಡು ಸರಿಯಿಲ್ಲದಿದ್ದಲ್ಲಿ ಮೂರನೆಯದಕ್ಕೆ ಆಧಾರವಿರುವುದಿಲ್ಲ. ಮಾರಾಟಗಾರರೇ ಮುದ್ರಿಸಿ ಪೆಟ್ಟಿಗೆಯಲ್ಲಿಟ್ಟು ಕಳುಹಿಸುವ ‘ಖಾತರಿ ಕಾರ್ಡು’ ಈ ಮೂರರಲ್ಲಿ ಯಾವುದೂ ಅಲ್ಲ ಎಂಬುದನ್ನು ಗಮನಿಸತಕ್ಕದ್ದು.

3. ಪಾರ್ಸೆಲ್ ಸ್ವೀಕರಿಸುವಾಗ ವಹಿಸಬೇಕಾದ ಎಚ್ಚರ

ಸಾಗಣೆಯ ಅವಧಿಗೆ ಮಾರಾಟಗಾರರು ಮಾಡಿಸಿರುವ ವಿಮೆಯು ಸಾಮಾನ್ಯವಾಗಿ ಪಾರ್ಸೆಲ್ ಸ್ವೀಕೃತವಾದ ಕ್ಷಣಕ್ಕೆ ಮುಕ್ತಾಯವಾಗುತ್ತದೆ. ಸಹಿ ಮಾಡಿದ ನಂತರ ಅಥವಾ ಒಟಿಪಿ ತಿಳಿಸಿದ ನಂತರ ಹೊಣೆ ಗ್ರಾಹಕರದ್ದಾಗುತ್ತದೆ. ಆದುದರಿಂದ ಒಟಿಪಿ ನೀಡುವ ಮುನ್ನ ಪಾರ್ಸೆಲಿನ ಮೊಹರು, ಅಂಟುಪಟ್ಟಿ ಮತ್ತು ನಮೂದಿತ ತೂಕವನ್ನು ಪರಿಶೀಲಿಸಬೇಕು. ಮೊಹರು ಒಡೆದಿದ್ದಲ್ಲಿ ಸ್ವೀಕರಿಸದೆ ಹಿಂದಿರುಗಿಸುವುದು ಸೂಕ್ತ. ಪಾರ್ಸೆಲ್ ತೆರೆಯುವುದನ್ನು ಮೊದಲಿನಿಂದ ಕೊನೆಯವರೆಗೆ ತಡೆಯಿಲ್ಲದೆ ಚಿತ್ರೀಕರಿಸಿ ಇಟ್ಟುಕೊಂಡಲ್ಲಿ, ಮುಂದೆ ವಿವಾದ ಉಂಟಾದಾಗ ಅದು ಸಾಕ್ಷ್ಯವಾಗಿ ನೆರವಾಗುತ್ತದೆ.

ಬಿಲ್ಲಿನಲ್ಲಿ ಒಡವೆಯ ಒಟ್ಟು ತೂಕ, ಚಿನ್ನದ ನಿವ್ವಳ ತೂಕ, ಹರಳುಗಳ ತೂಕ, ಚಿನ್ನದ ಪರಿಶುದ್ಧತೆ, ಮಜೂರಿ ಮತ್ತು ತೆರಿಗೆ ಇವುಗಳು ಪ್ರತ್ಯೇಕವಾಗಿ ನಮೂದಾಗಿರಬೇಕು. ಇಲ್ಲಿ ‘ಕ್ಯಾರೆಟ್’ ಎಂಬ ಶಬ್ದವು ಎರಡು ಅರ್ಥಗಳಲ್ಲಿ ಬಳಕೆಯಲ್ಲಿರುವುದರಿಂದ ಗೊಂದಲಕ್ಕೆ ಎಡೆಯಿದೆ. ಚಿನ್ನದ ವಿಷಯದಲ್ಲಿ ಕ್ಯಾರೆಟ್ ಎಂದರೆ ಪರಿಶುದ್ಧತೆ. 24 ಭಾಗಗಳಲ್ಲಿ ಎಷ್ಟು ಭಾಗ ಚಿನ್ನ ಎಂಬುದು. ವಜ್ರದ ವಿಷಯದಲ್ಲಿ ಕ್ಯಾರೆಟ್ ಎಂದರೆ ತೂಕ. ಒಂದು ಕ್ಯಾರೆಟ್ ಎಂದರೆ 200 ಮಿಲಿಗ್ರಾಂ, ಅದರ ನೂರರಲ್ಲಿ ಒಂದು ಪಾಲು ಒಂದು ಸೆಂಟ್.

ಉದಾಹರಣೆಗೆ, 30 ಗ್ರಾಂ ಒಟ್ಟು ತೂಕದ ಹಾರದಲ್ಲಿ 2 ಕ್ಯಾರೆಟ್ ವಜ್ರವಿದೆ ಎಂದಿಟ್ಟುಕೊಳ್ಳಬಹುದು. ವಜ್ರದ ತೂಕ 0.4 ಗ್ರಾಂ, ಚಿನ್ನದ ನಿವ್ವಳ ತೂಕ 29.6 ಗ್ರಾಂ. ಚಿನ್ನವು 18 ಕ್ಯಾರೆಟಿನದಾದಲ್ಲಿ ಶೇಕಡ 75ರ ಲೆಕ್ಕದಲ್ಲಿ ಅದರಲ್ಲಿರುವ ಅಪ್ಪಟ ಚಿನ್ನ 22.2 ಗ್ರಾಂ. ಬಿಲ್ಲಿನ ಅಂಕಿಗಳು ಈ ಲೆಕ್ಕಕ್ಕೆ ಹೊಂದದಿದ್ದಲ್ಲಿ ಕೂಡಲೇ ಮಾರಾಟಗಾರರಿಂದ ಲಿಖಿತ ವಿವರಣೆ ಪಡೆಯತಕ್ಕದ್ದು. ತೂಕವನ್ನು ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಪರಿಶೀಲನೆಗೊಂಡು ಮುದ್ರೆ ಪಡೆದ ತಕ್ಕಡಿಯಲ್ಲಿಯೇ ತೂಗಿಸಬೇಕು. ಅಡುಗೆಮನೆಯ ತಕ್ಕಡಿಯ ತೂಕಕ್ಕೆ ಇಲ್ಲಿ ಬೆಲೆಯಿಲ್ಲ.

ವಜ್ರಗಳ ತೂಕವನ್ನು ಒಟ್ಟುಗೂಡಿಸಿ ಬರೆದಿದ್ದಲ್ಲಿ ಅದೂ ಸಾಲದು. ಒಂದು ಕ್ಯಾರೆಟಿನ ಒಂದೇ ಹರಳು, ತಲಾ ಹತ್ತು ಸೆಂಟಿನ ಹತ್ತು ಹರಳುಗಳಿಗಿಂತ ಬಹಳ ಹೆಚ್ಚು ಬೆಲೆಯದಾಗಿರುತ್ತದೆ. ಆದುದರಿಂದ ಹರಳುಗಳ ಸಂಖ್ಯೆ ಹಾಗೂ ದೊಡ್ಡ ಹರಳುಗಳ ಪ್ರತ್ಯೇಕ ತೂಕ ಬಿಲ್ಲಿನಲ್ಲಿರುವುದು ಅವಶ್ಯಕ.

4. ಚಿನ್ನದ ಪರಿಶುದ್ಧತೆಯ ಪರಿಶೀಲನೆ

ಭಾರತೀಯ ಮಾನಕ ಬ್ಯೂರೋ ಚಿನ್ನಾಭರಣಗಳ ಹಾಲ್‌ಮಾರ್ಕ್ ಯೋಜನೆಯನ್ನು 2000ನೇ ಇಸವಿಯಲ್ಲಿ ಪ್ರಾರಂಭಿಸಿತು. 2021ರ ಜೂನ್ 23ರಿಂದ ಇದು ದೇಶದ 256 ಜಿಲ್ಲೆಗಳಲ್ಲಿ ಕಡ್ಡಾಯವಾಯಿತು. ತದನಂತರ ಹಂತ ಹಂತವಾಗಿ ಇತರ ಜಿಲ್ಲೆಗಳಿಗೆ ವಿಸ್ತರಿಸಲಾಯಿತು. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಹೊಂದಿದ ಒಡವೆಯ ಮೇಲೆ ಆರು ಅಕ್ಷರ ಹಾಗೂ ಅಂಕಿಗಳ ವಿಶಿಷ್ಟ ಗುರುತಿನ ಸಂಖ್ಯೆ, ಅಂದರೆ ಎಚ್‌ಯುಐಡಿ, ಇರಬೇಕೆಂದು ನಿಗದಿಪಡಿಸಲಾಗಿದೆ.

ಒಡವೆಯ ಮೇಲೆ ಮೂರು ಗುರುತುಗಳನ್ನು ನೋಡಬೇಕು: ಬ್ಯೂರೋದ ಚಿಹ್ನೆ, ಪರಿಶುದ್ಧತೆಯ ಅಂಕಿ (22 ಕ್ಯಾರೆಟಿಗೆ 916, 18 ಕ್ಯಾರೆಟಿಗೆ 750, 14 ಕ್ಯಾರೆಟಿಗೆ 585) ಹಾಗೂ ಎಚ್‌ಯುಐಡಿ. ವಜ್ರವನ್ನು ಭದ್ರವಾಗಿ ಹಿಡಿದಿಡಲು ಗಟ್ಟಿಯಾದ ಮಿಶ್ರಲೋಹ ಬೇಕಾಗುವುದರಿಂದ ವಜ್ರಾಭರಣಗಳು ಹೆಚ್ಚಾಗಿ 18 ಅಥವಾ 14 ಕ್ಯಾರೆಟಿನಲ್ಲಿರುತ್ತವೆ. 22 ಕ್ಯಾರೆಟಿನ ದರದಲ್ಲಿ ಬಿಲ್ಲು ಮಾಡಿ 18 ಕ್ಯಾರೆಟಿನ ಒಡವೆ ಕಳುಹಿಸಲಾಗಿದೆಯೇ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಎಚ್‌ಯುಐಡಿ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಎಂಬ ಮೊಬೈಲ್ ಆ್ಯಪ್‌ನಲ್ಲಿ ನಮೂದಿಸಿದಾಗ ಆಭರಣ ವರ್ತಕರ ನೋಂದಣಿ ವಿವರ, ಪರೀಕ್ಷೆ ನಡೆಸಿದ ಕೇಂದ್ರ, ಒಡವೆಯ ಬಗೆ ಮತ್ತು ಪರಿಶುದ್ಧತೆ ಕಾಣಿಸುತ್ತವೆ. ಕೈಯಲ್ಲಿರುವುದು ಬಳೆಯಾಗಿದ್ದು ಆ್ಯಪ್‌ನಲ್ಲಿ ಉಂಗುರವೆಂದು ತೋರಿಸಿದಲ್ಲಿ ಸಂಖ್ಯೆಯು ಬೇರೆ ಒಡವೆಗೆ ಸೇರಿದ್ದಾಗಿರುತ್ತದೆ. ಹಾಲ್‌ಮಾರ್ಕ್ ಇದ್ದೂ ಪರಿಶುದ್ಧತೆ ಕಡಿಮೆಯೆಂದು ಪರೀಕ್ಷೆಯಲ್ಲಿ ಕಂಡುಬಂದಲ್ಲಿ, ಬ್ಯೂರೋದ 2018ರ ನಿಯಮಗಳ ಪ್ರಕಾರ ಕೊರತೆಯ ಮೌಲ್ಯದ ಎರಡರಷ್ಟು ಮೊತ್ತವನ್ನೂ ಪರೀಕ್ಷಾ ಶುಲ್ಕವನ್ನೂ ಪಡೆಯಲು ಗ್ರಾಹಕರು ಅರ್ಹರಾಗಿರುತ್ತಾರೆ. ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗಳಿಗೆ ಹಾಗೂ ಕುಂದನ್, ಪೋಲ್ಕಿ ಮತ್ತು ಜಡಾವು ಬಗೆಯ ಒಡವೆಗಳಿಗೆ ಹಾಲ್‌ಮಾರ್ಕ್ ಕಡ್ಡಾಯದಿಂದ ವಿನಾಯಿತಿ ನೀಡಲಾಗಿದೆ. ಇಂತಹ ಒಡವೆಗಳನ್ನು ದೂರದಿಂದ ಕೊಳ್ಳುವವರು ಬಿಲ್ಲಿನ ನಮೂದುಗಳಿಗೆ ಹೆಚ್ಚಿನ ಗಮನ ನೀಡಬೇಕು.

5. ವಜ್ರದ ಪರೀಕ್ಷೆ

ಸ್ಥಳೀಯ ಅಂಗಡಿಗಳಲ್ಲಿರುವ ಲೇಖನಿಯಾಕಾರದ ಪರೀಕ್ಷಾ ಸಾಧನವು ಹರಳಿನಲ್ಲಿ ಶಾಖ ಹರಿಯುವ ವೇಗವನ್ನು ಅಳೆಯುತ್ತದೆ. ಗಾಜು ಮತ್ತು ಕ್ಯೂಬಿಕ್ ಜಿರ್ಕೋನಿಯಾ ಹರಳುಗಳನ್ನು ಅದು ಪತ್ತೆ ಮಾಡುತ್ತದೆ. ಆದರೆ ಮೋಯ್ಸನೈಟ್ ಎಂಬ ಕೃತಕ ಹರಳನ್ನು ಶಾಖದ ಪರೀಕ್ಷೆ ಮಾತ್ರದಿಂದ ಬೇರ್ಪಡಿಸಲಾಗುವುದಿಲ್ಲ. ಪ್ರಯೋಗಾಲಯದಲ್ಲಿ ಬೆಳೆಸಿದ ವಜ್ರವಂತೂ ರಾಸಾಯನಿಕವಾಗಿ ನಿಜವಾದ ವಜ್ರವೇ ಆಗಿರುವುದರಿಂದ ಅಂತಹ ಸಾಧನವು ಅದನ್ನು ‘ವಜ್ರ’ ಎಂದೇ ತೋರಿಸುತ್ತದೆ. ಅನುಭವಿ ಅಕ್ಕಸಾಲಿಗರಿಗೂ ಕಣ್ಣಳತೆಯಲ್ಲಿ ಈ ವ್ಯತ್ಯಾಸ ತಿಳಿಯುವುದಿಲ್ಲ. ನೈಸರ್ಗಿಕ ವಜ್ರಕ್ಕೆ ಹೋಲಿಸಿದಲ್ಲಿ ಇದರ ಬೆಲೆ ಬಹಳ ಕಡಿಮೆಯಿದ್ದು, ಉತ್ಪಾದನೆ ಹೆಚ್ಚಿದಂತೆ ಇನ್ನಷ್ಟು ಇಳಿದಿದೆ. ಇದನ್ನು ಇದೇ ಹೆಸರಿನಲ್ಲಿ ತಿಳಿಸಿ ಮಾರುವುದರಲ್ಲಿ ತಪ್ಪೇನೂ ಇಲ್ಲ. ನೈಸರ್ಗಿಕವೆಂದು ಹೇಳಿ ಮಾರುವುದು ವಂಚನೆಯಾಗುತ್ತದೆ.

ಬೆಳೆಸಿದ ವಜ್ರವನ್ನು ಖಚಿತವಾಗಿ ಗುರುತಿಸಲು ಬೆಳಕಿನ ವಿಶ್ಲೇಷಣೆ ನಡೆಸುವ ಉಪಕರಣಗಳುಳ್ಳ ಪ್ರಯೋಗಾಲಯವೇ ಬೇಕು. ಜಿಐಎ (1931ರಲ್ಲಿ ಅಮೆರಿಕದಲ್ಲಿ ಸ್ಥಾಪಿತ), ಐಜಿಐ (1975ರಲ್ಲಿ ಆಂಟ್ವರ್ಪ್‌ನಲ್ಲಿ ಸ್ಥಾಪಿತ) ಮುಂತಾದ ಸಂಸ್ಥೆಗಳ ವರದಿಗಳು ವ್ಯಾಪಾರದಲ್ಲಿ ಬಳಕೆಯಲ್ಲಿವೆ. ಎರಡೂ ಸಂಸ್ಥೆಗಳು ಮುಂಬಯಿಯಲ್ಲಿ ಪ್ರಯೋಗಾಲಯ ಹೊಂದಿವೆ. ಒಡವೆಯ ಜೊತೆ ಇಂತಹ ವರದಿ ಬಂದಿದ್ದಲ್ಲಿ ಎರಡು ಪರಿಶೀಲನೆಗಳನ್ನು ಮನೆಯ ಸಮೀಪವೇ ಮಾಡಬಹುದು. ಮೊದಲನೆಯದಾಗಿ, ವರದಿಯ ಸಂಖ್ಯೆಯನ್ನು ಆಯಾ ಪ್ರಯೋಗಾಲಯದ ಜಾಲತಾಣದಲ್ಲಿ ನಮೂದಿಸಿ ವಿವರಗಳನ್ನು ತಾಳೆ ನೋಡುವುದು. ಎರಡನೆಯದಾಗಿ, ಹರಳಿನ ಅಂಚಿನ ಮೇಲೆ ಲೇಸರಿನಿಂದ ಸಂಖ್ಯೆ ಕೆತ್ತಲಾಗಿದ್ದಲ್ಲಿ, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಮಸೂರದ ಮೂಲಕ ಅದನ್ನು ಓದಿಸಿ, ವರದಿಯ ಸಂಖ್ಯೆಯೇ ಹೌದೇ ಎಂದು ಖಚಿತಪಡಿಸಿಕೊಳ್ಳುವುದು. ವರದಿ ನೈಜವಾಗಿದ್ದರೂ ಅದು ಬೇರೆ ಹರಳಿಗೆ ಸೇರಿದ್ದಾಗಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ಆದುದರಿಂದ ಎರಡೂ ಪರಿಶೀಲನೆಗಳು ಅವಶ್ಯಕ.

ಕೂರಿಸಿದ ಹರಳಿನ ಒಂದು ಭಾಗವು ಚಿನ್ನದಲ್ಲಿ ಅಡಗಿರುವುದರಿಂದ ಅದರ ತೂಕ ಮತ್ತು ಸ್ವಚ್ಛತೆಯನ್ನು ಅಂದಾಜಿನಲ್ಲಿ ಮಾತ್ರ ಹೇಳಬಹುದು. ದೊಡ್ಡ ಹರಳಿನ ಒಡವೆ ಕೊಳ್ಳುವವರು, ಹರಳನ್ನು ಕೂರಿಸುವ ಮುನ್ನವೇ ಪಡೆದ ವರದಿಯನ್ನು ಕೇಳುವುದು ಉತ್ತಮ.

ಪರೀಕ್ಷೆಯ ಕಾಲಮಿತಿಯನ್ನು ಮುಖ್ಯವಾಗಿ ಗಮನಿಸಬೇಕು. ಮಾರಾಟಗಾರರು ನೀಡಿರುವ ವಾಪಸಾತಿ ಅವಧಿಯೊಳಗೆ ಪರೀಕ್ಷೆ ಮುಗಿಯಬೇಕು. ಹರಳನ್ನು ಬಿಡಿಸುವುದು, ಅಳತೆ ತಿದ್ದಿಸುವುದು ಅಥವಾ ಒಡವೆಯ ಗುರುತುಚೀಟಿ ಕತ್ತರಿಸುವುದು ಇವುಗಳಿಂದ ವಾಪಸಾತಿಯ ಅವಕಾಶ ತಪ್ಪಿಹೋಗಬಹುದು. ಪರೀಕ್ಷೆಗಾಗಿ ಕೊಂಕಣ ರೈಲಿನಲ್ಲಿ ಮುಂಬಯಿಗೋ ಬಸ್ಸಿನಲ್ಲಿ ಬೆಂಗಳೂರಿಗೋ ಒಡವೆಯನ್ನು ಒಯ್ಯುವವರು, ಆ ಪ್ರಯಾಣದ ಅವಧಿಗೆ ಯಾವುದೇ ವಿಮೆ ಇರುವುದಿಲ್ಲವೆಂಬುದನ್ನು ನೆನಪಿನಲ್ಲಿಟ್ಟು ಎಚ್ಚರ ವಹಿಸತಕ್ಕದ್ದು.

6. ವಿದೇಶದಲ್ಲಿ ಕೊಂಡ ಒಡವೆಗಳು

ಕೊಲ್ಲಿ ರಾಷ್ಟ್ರಗಳಲ್ಲಿ ಕೊಂಡ ಒಡವೆಗಳ ಮೇಲೆ 750 ಅಥವಾ 916 ಎಂಬ ಅಂಕಿ ಇದ್ದರೂ ಭಾರತದ ಎಚ್‌ಯುಐಡಿ ಇರುವುದಿಲ್ಲ. ಇದು ಕಳಪೆಯ ಲಕ್ಷಣವಲ್ಲ. ಪರಿಶುದ್ಧತೆಯ ಬಗ್ಗೆ ದಾಖಲೆ ಬೇಕಿದ್ದಲ್ಲಿ ಬ್ಯೂರೋದಿಂದ ಮಾನ್ಯತೆ ಪಡೆದ ಪರೀಕ್ಷಾ ಕೇಂದ್ರದಲ್ಲಿ ಶುಲ್ಕ ಪಾವತಿಸಿ ಪರೀಕ್ಷಿಸಿಕೊಳ್ಳಬಹುದು. ಕೇಂದ್ರಗಳ ಪಟ್ಟಿ ಬ್ಯೂರೋದ ಜಾಲತಾಣದಲ್ಲಿ ಲಭ್ಯವಿದೆ.

ಒಡವೆಯು ದೇಶದೊಳಗೆ ಹೇಗೆ ಬಂದಿತು ಎಂಬುದಕ್ಕೂ ದಾಖಲೆ ಇರಬೇಕು. 2016ರ ಬ್ಯಾಗೇಜ್ ನಿಯಮಗಳಲ್ಲಿ, ಒಂದು ವರ್ಷಕ್ಕಿಂತ ಹೆಚ್ಚು ಕಾಲ ವಿದೇಶದಲ್ಲಿದ್ದು ಹಿಂದಿರುಗುವ ಪುರುಷರಿಗೆ 20 ಗ್ರಾಂ ಹಾಗೂ ಮಹಿಳೆಯರಿಗೆ 40 ಗ್ರಾಂವರೆಗಿನ ಒಡವೆಗೆ, ಮೌಲ್ಯದ ಮಿತಿಗೊಳಪಟ್ಟು, ಸುಂಕ ವಿನಾಯಿತಿ ನೀಡಲಾಗಿತ್ತು. ಈ ನಿಯಮಗಳು ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ, ಪ್ರಯಾಣದ ದಿನದಂದು ಜಾರಿಯಲ್ಲಿರುವ ಮಿತಿಯನ್ನು ಸೀಮಾಸುಂಕ ಇಲಾಖೆಯಿಂದ ತಿಳಿದುಕೊಳ್ಳತಕ್ಕದ್ದು. ಮಿತಿ ಮೀರಿದ ಒಡವೆಯನ್ನು ವಿಮಾನ ನಿಲ್ದಾಣದಲ್ಲಿ ಘೋಷಿಸಿ ಸುಂಕ ಪಾವತಿಸಿದ ರಸೀದಿಯು, ಮುಂದೆ ವಿಮಾ ಕಂಪನಿಯ ಮುಂದೆ ಒಡೆತನಕ್ಕೆ ಉತ್ತಮ ಆಧಾರವಾಗುತ್ತದೆ. ಅಘೋಷಿತವಾಗಿ ತಂದ ಒಡವೆಯ ಕಳವಿನ ಬಗ್ಗೆ ಪರಿಹಾರ ಕೇಳುವಾಗ ಈ ಕೊರತೆಯೇ ಅಡ್ಡಿಯಾಗಬಹುದು. ಊರಿನ ಒಡವೆಯನ್ನು ವಿದೇಶಕ್ಕೆ ಒಯ್ದು ಮರಳಿ ತರುವವರು, ಹೊರಡುವಾಗಲೇ ಸೀಮಾಸುಂಕ ಅಧಿಕಾರಿಗಳಿಂದ ರಫ್ತು ಪ್ರಮಾಣಪತ್ರ ಪಡೆದಲ್ಲಿ ಹಿಂದಿರುಗುವಾಗ ಸುಂಕದ ಪ್ರಶ್ನೆ ಉದ್ಭವಿಸುವುದಿಲ್ಲ.

7. ಮೌಲ್ಯಮಾಪನ

ಆಭರಣ ಸಾಲ ನೀಡುವಾಗ ಬ್ಯಾಂಕು ಅಥವಾ ಸಹಕಾರಿ ಸಂಘದ ಚಿನ್ನ ಪರೀಕ್ಷಕರು ನೀಡುವ ಚೀಟಿಯನ್ನು ವಿಮೆಗೆ ಬಳಸಬಹುದೆಂಬ ಅಭಿಪ್ರಾಯವು ಸರಿಯಲ್ಲ. ಸಾಲದ ಉದ್ದೇಶಕ್ಕೆ ಚಿನ್ನದ ಮೌಲ್ಯವನ್ನು ಮಾತ್ರ ಪರಿಗಣಿಸಲಾಗುತ್ತದೆ. ಹರಳಿನ ತೂಕವನ್ನು ಕಳೆಯಲಾಗುತ್ತದೆ, ಅದರ ಬೆಲೆಯನ್ನು ಸೇರಿಸಲಾಗುವುದಿಲ್ಲ. ವಜ್ರಾಭರಣದ ಅರ್ಧಕ್ಕಿಂತ ಹೆಚ್ಚು ಬೆಲೆ ಹರಳಿನಲ್ಲಿಯೇ ಇದ್ದಲ್ಲಿ ಆ ಚೀಟಿಯು ಮಾಲೀಕರಿಗೆ ಪ್ರತಿಕೂಲವಾಗುತ್ತದೆ.

ವಿಮಾ ಕಂಪನಿಗಳು ಸಾಮಾನ್ಯವಾಗಿ ‘ಸರ್ಕಾರದಿಂದ ಮಾನ್ಯತೆ ಪಡೆದ ಮೌಲ್ಯಮಾಪಕ’ರ ವರದಿ ಕೇಳುತ್ತವೆ. 1957ರ ಸಂಪತ್ತು ತೆರಿಗೆ ಅಧಿನಿಯಮದ 34ಎಬಿ ಪ್ರಕರಣದಡಿ ಆಭರಣ ವರ್ಗದಲ್ಲಿ ನೋಂದಾಯಿತರಾದವರನ್ನು ರೂಢಿಯಲ್ಲಿ ಹೀಗೆ ಕರೆಯಲಾಗುತ್ತದೆ. ಸಂಪತ್ತು ತೆರಿಗೆಯು 2016-17ನೇ ತೆರಿಗೆ ನಿರ್ಧರಣಾ ವರ್ಷದಿಂದ ರದ್ದಾಗಿದ್ದರೂ ಈ ನೋಂದಣಿಯ ಬಳಕೆ ಮುಂದುವರಿದಿತ್ತು. ಯಾರ ವರದಿಯನ್ನು ಒಪ್ಪಲಾಗುವುದು ಎಂಬುದನ್ನು ವಿಮಾ ಕಂಪನಿಯಿಂದಲೇ ಮುಂಚಿತವಾಗಿ ಲಿಖಿತವಾಗಿ ತಿಳಿದುಕೊಂಡ ನಂತರ ಶುಲ್ಕ ಪಾವತಿಸುವುದು ಸೂಕ್ತ.

ವರದಿಯಲ್ಲಿ ಈ ಕೆಳಕಂಡ ಅಂಶಗಳಿರಬೇಕು:

(ಅ) ಮಾಲೀಕರ ಹೆಸರು, ಪರಿಶೀಲನೆಯ ದಿನಾಂಕ ಮತ್ತು ಮೌಲ್ಯಮಾಪನದ ಉದ್ದೇಶ.
(ಆ) ಪ್ರತಿಯೊಂದು ಒಡವೆಯ ಪ್ರತ್ಯೇಕ ವಿವರಣೆ, ಒಟ್ಟು ತೂಕ, ನಿವ್ವಳ ತೂಕ, ಎಚ್‌ಯುಐಡಿ ಸಂಖ್ಯೆ ಇದ್ದಲ್ಲಿ ಅದು.
(ಇ) ಹರಳುಗಳ ಸಂಖ್ಯೆ, ತೂಕ, ದರ್ಜೆ, ಪ್ರಯೋಗಾಲಯದ ವರದಿ ಸಂಖ್ಯೆ ಹಾಗೂ ನೈಸರ್ಗಿಕವೇ ಬೆಳೆಸಿದ್ದೇ ಎಂಬ ಸ್ಪಷ್ಟ ನಮೂದು.
(ಈ) ಅನ್ವಯಿಸಿದ ದರ, ಮಜೂರಿ ಮತ್ತು ತೆರಿಗೆ ಸೇರಿದೆಯೇ ಇಲ್ಲವೇ ಎಂಬ ವಿವರ.
(ಉ) ಅಳತೆಪಟ್ಟಿಯೊಡನೆ ತೆಗೆದ ಛಾಯಾಚಿತ್ರ, ಮೌಲ್ಯಮಾಪಕರ ಸಹಿ, ಮೊಹರು ಮತ್ತು ನೋಂದಣಿ ಸಂಖ್ಯೆ.

ಉದ್ದೇಶವನ್ನು ನಮೂದಿಸುವುದು ಔಪಚಾರಿಕ ವಿಷಯವಲ್ಲ. ಅದೇ ಒಡವೆಯನ್ನು ಮಾರಿದರೆ ಬರುವ ಬೆಲೆ ಬೇರೆ. ಅಂಥದೇ ಒಡವೆಯನ್ನು ಹೊಸದಾಗಿ ಕೊಳ್ಳಲು ತಗಲುವ ಬೆಲೆ ಬೇರೆ. ವಿಮೆಗೆ ಸಾಮಾನ್ಯವಾಗಿ ಅಗತ್ಯವಿರುವುದು ಎರಡನೆಯದು. ಮಾರಾಟಗಾರರಿಂದಲೇ ಮೌಲ್ಯಮಾಪನ ಮಾಡಿಸುವುದು ತರವಲ್ಲ. ಶುಲ್ಕವನ್ನು ಒಡವೆಯ ಮೌಲ್ಯದ ಶೇಕಡಾವಾರು ಲೆಕ್ಕದಲ್ಲಿ ಕೇಳಿದಲ್ಲಿ ಮೌಲ್ಯವನ್ನು ಹಿಗ್ಗಿಸುವ ಪ್ರಲೋಭನೆಗೆ ಎಡೆಯಾಗುವುದರಿಂದ ನಿಗದಿತ ಶುಲ್ಕವನ್ನು ಒಪ್ಪಿಕೊಳ್ಳುವುದು ಒಳಿತು.

8. ವಿಮೆಯ ಬಗೆಗಳು

ಒಡವೆಗಳ ವಿಮೆಯು ಸಾಮಾನ್ಯ ವಿಮಾ ಕಂಪನಿಗಳ ವ್ಯಾಪ್ತಿಗೆ ಸೇರಿದ್ದು, ಜೀವ ವಿಮೆಯ ಕಚೇರಿಗಳಲ್ಲಿ ಲಭ್ಯವಿರುವುದಿಲ್ಲ.

8.1 ಗೃಹ ವಿಮೆ: ‘ಭಾರತ್ ಗೃಹ ರಕ್ಷಾ’ ಎಂಬ ಪ್ರಮಾಣಿತ ಪಾಲಿಸಿಯು 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಬೆಂಕಿ, ಚಂಡಮಾರುತ, ನೆರೆ, ಭೂಕುಸಿತ ಮೊದಲಾದವುಗಳಿಂದ ಕಟ್ಟಡಕ್ಕೂ ಗೃಹೋಪಯೋಗಿ ವಸ್ತುಗಳಿಗೂ ಆಗುವ ಹಾನಿಯನ್ನು ಇದು ಒಳಗೊಳ್ಳುತ್ತದೆ. 2022ರ ಆಗಸ್ಟ್ 2ರಂದು ಭಟ್ಕಳ ತಾಲ್ಲೂಕಿನ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ನಾಲ್ವರು ಮೃತಪಟ್ಟ ಹಾಗೂ ಭಾರಿ ಮಳೆಯ ನೀರು ಪಟ್ಟಣದ ಮನೆಗಳಿಗೆ ನುಗ್ಗಿದ ಘಟನೆಯನ್ನು ಕಂಡ ಈ ಕರಾವಳಿಗೆ ಇಂತಹ ರಕ್ಷಣೆ ಅನಗತ್ಯವೆನ್ನಲಾಗದು. ಆದರೆ ಎರಡು ಅಂಶಗಳನ್ನು ಅವಶ್ಯವಾಗಿ ತಿಳಿದಿರಬೇಕು. ಒಂದು, ಒಡವೆಗಳು ಸಾಮಾನ್ಯ ಗೃಹೋಪಯೋಗಿ ವಸ್ತುಗಳಲ್ಲಿ ತಾವಾಗಿಯೇ ಸೇರುವುದಿಲ್ಲ; ‘ಬೆಲೆಬಾಳುವ ವಸ್ತುಗಳು’ ಎಂಬ ಐಚ್ಛಿಕ ರಕ್ಷಣೆಯನ್ನು ಪ್ರತ್ಯೇಕವಾಗಿ ಕೇಳಿ ಪಡೆಯಬೇಕು. ಎರಡು, ಸದರಿ ಪಾಲಿಸಿಯ ಪ್ರಮಾಣಿತ ಷರತ್ತಿನಂತೆ, ವಿಮೆಗೊಳಪಟ್ಟ ಅವಘಡ ಸಂಭವಿಸಿ ಅದರ ಪರಿಣಾಮವಾಗಿ ಏಳು ದಿನಗಳೊಳಗೆ ನಡೆದ ಕಳವು ಮಾತ್ರ ಒಳಗೊಳ್ಳುತ್ತದೆ. ಬೇರೆ ದಿನಗಳಲ್ಲಿ ಬೀಗ ಮುರಿದು ನಡೆಯುವ ಕನ್ನಗಳವಿಗೆ ಪ್ರತ್ಯೇಕ ವಿಮೆ ಬೇಕು. ಐಚ್ಛಿಕ ರಕ್ಷಣೆಯ ಮೊತ್ತ ರೂ. 5 ಲಕ್ಷದೊಳಗಿದ್ದು, ಯಾವುದೇ ಒಂದು ವಸ್ತುವಿನ ಮೌಲ್ಯ ರೂ. 1 ಲಕ್ಷ ಮೀರದಿದ್ದಲ್ಲಿ ಮೌಲ್ಯಮಾಪನ ಪ್ರಮಾಣಪತ್ರದಿಂದ ವಿನಾಯಿತಿಗೆ ಈ ಷರತ್ತುಗಳಲ್ಲಿ ಅವಕಾಶವಿದೆ.

8.2 ಆಭರಣಗಳ ಸರ್ವ ಅಪಾಯ ವಿಮೆ: ಮನೆಯ ಹೊರಗೆ, ಧರಿಸಿರುವಾಗ ಅಥವಾ ಪ್ರಯಾಣದಲ್ಲಿರುವಾಗ ಆಗುವ ನಷ್ಟವನ್ನೂ ಇದು ಒಳಗೊಳ್ಳಬಹುದು. ‘ಸರ್ವ ಅಪಾಯ’ ಎಂಬ ಹೆಸರಿದ್ದರೂ ಹೊರಗಿಟ್ಟ ಸಂದರ್ಭಗಳಿರುತ್ತವೆ. ಸವೆತದಿಂದ ಕೊಕ್ಕೆ ಸಡಿಲಗೊಂಡು ಹರಳು ಉದುರಿಹೋಗುವುದು, ಹೇಗೆ ಕಾಣೆಯಾಯಿತೆಂದು ವಿವರಿಸಲಾಗದ ನಷ್ಟ, ಕಾವಲಿಲ್ಲದ ವಾಹನದಲ್ಲಿ ಬಿಟ್ಟಿದ್ದ ಒಡವೆಯ ಕಳವು, ರಿಪೇರಿ ಅಥವಾ ಶುಚಿಗೊಳಿಸುವಾಗ ಆದ ಹಾನಿ ಇವುಗಳನ್ನು ಸಾಮಾನ್ಯವಾಗಿ ಹೊರಗಿಡಲಾಗಿರುತ್ತದೆ. ಮದುವೆಗೆಂದು ಸಂಬಂಧಿಕರಿಗೆ ಕೊಟ್ಟಿದ್ದ ಒಡವೆ ಕಳೆದುಹೋದಲ್ಲಿ ಪರಿಹಾರ ದೊರೆಯುವುದೇ ಎಂಬುದನ್ನು ಕೊಡುವ ಮುನ್ನವೇ ಕೇಳಿಕೊಳ್ಳತಕ್ಕದ್ದು.

8.3 ಬೀಗ ಹಾಕಿದ ಮನೆಗಳು: ಕುಟುಂಬವು ವಿದೇಶದಲ್ಲಿದ್ದು ಊರಿನ ಮನೆಗೆ ತಿಂಗಳುಗಟ್ಟಲೆ ಬೀಗ ಹಾಕಿರುವುದು ಈ ಭಾಗದಲ್ಲಿ ಅಪರೂಪವಲ್ಲ. ಮನೆಯು ನಿಗದಿತ ದಿನಗಳಿಗಿಂತ ಹೆಚ್ಚು ಕಾಲ, ಹಲವು ಪಾಲಿಸಿಗಳಲ್ಲಿ ಸತತ 30 ದಿನಗಳು, ವಾಸವಿಲ್ಲದೆ ಇದ್ದಲ್ಲಿ ಮುಂಚಿತವಾಗಿ ಕಂಪನಿಗೆ ತಿಳಿಸಬೇಕೆಂಬ ಅಥವಾ ಆ ಅವಧಿಯಲ್ಲಿ ಕಳವಿನ ರಕ್ಷಣೆ ಇಲ್ಲವೆಂಬ ಷರತ್ತು ಇರುತ್ತದೆ. ವರ್ಷವರ್ಷವೂ ವಿಮಾ ಕಂತು ಕಟ್ಟಿಯೂ ಈ ಒಂದು ಷರತ್ತಿನ ಕಾರಣದಿಂದ ಪರಿಹಾರ ತಿರಸ್ಕೃತವಾಗುವ ಸಾಧ್ಯತೆ ಇರುವುದರಿಂದ, ಪಾಲಿಸಿ ಪಡೆಯುವ ದಿನವೇ ಇದನ್ನು ಓದಿಕೊಳ್ಳಬೇಕು.

8.4 ಬ್ಯಾಂಕ್ ಲಾಕರ್: ಲಾಕರಿನಲ್ಲಿರುವ ವಸ್ತುಗಳಿಗೆ ಬ್ಯಾಂಕು ವಿಮೆ ಮಾಡಿಸಿರುತ್ತದೆ ಎಂಬುದು ತಪ್ಪು ತಿಳಿವಳಿಕೆ. 2022ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ರಿಸರ್ವ್ ಬ್ಯಾಂಕಿನ ಸೂಚನೆಗಳಂತೆ, ಬೆಂಕಿ, ಕಳವು, ದರೋಡೆ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ನಷ್ಟವಾದಲ್ಲಿ ಬ್ಯಾಂಕಿನ ಹೊಣೆಯು ಲಾಕರಿನ ವಾರ್ಷಿಕ ಬಾಡಿಗೆಯ ನೂರು ಪಟ್ಟಿಗೆ ಸೀಮಿತ. ಬಾಡಿಗೆ ರೂ. 2,000 ಆದಲ್ಲಿ ಹೊಣೆ ರೂ. 2 ಲಕ್ಷ, ಒಳಗಿರುವ ಒಡವೆ ರೂ. 20 ಲಕ್ಷದ್ದಾದರೂ ಮೊತ್ತ ಬದಲಾಗುವುದಿಲ್ಲ. ನೆರೆ, ಸಿಡಿಲು, ಭೂಕಂಪದಂತಹ ಪ್ರಕೃತಿ ವಿಕೋಪದಿಂದಾದ ನಷ್ಟಕ್ಕೆ ಬ್ಯಾಂಕು ಹೊಣೆಯಲ್ಲ. ಆದುದರಿಂದ ಪಾಲಿಸಿಯು ಲಾಕರಿನಲ್ಲಿರುವ ಒಡವೆಗಳಿಗೂ ಅನ್ವಯಿಸುವುದೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

9. ವಿಮಾ ಮೊತ್ತದ ನಿಗದಿ

ವಿಮೆಯ ಮೂಲತತ್ವವು ನಷ್ಟವನ್ನು ತುಂಬಿಕೊಡುವುದೇ ಹೊರತು ಲಾಭ ಒದಗಿಸುವುದಲ್ಲ. ಹಿಗ್ಗಿಸಿದ ಮೌಲ್ಯಕ್ಕೆ ವಿಮೆ ಮಾಡಿಸಿದಲ್ಲಿ ಕಂತು ಹೆಚ್ಚುತ್ತದೆ. ಪರಿಹಾರವು ನಿಜವಾದ ನಷ್ಟಕ್ಕೆ ಸೀಮಿತವಾಗಬಹುದು. ಕಡಿಮೆ ಮೌಲ್ಯಕ್ಕೆ ಮಾಡಿಸಿದಲ್ಲಿ ಅನೇಕ ಪಾಲಿಸಿಗಳಲ್ಲಿ ಸರಾಸರಿ ಷರತ್ತು ಅನ್ವಯಿಸುತ್ತದೆ. ಉದಾಹರಣೆಗೆ, ರೂ. 8 ಲಕ್ಷ ಮೌಲ್ಯದ ಒಡವೆಗಳಿಗೆ ರೂ. 6 ಲಕ್ಷದ ವಿಮೆ ಇದ್ದು, ರೂ. 2 ಲಕ್ಷದ ಬಳೆ ಕಳವಾದಲ್ಲಿ, ಪರಿಹಾರವು ಎಂಟರಲ್ಲಿ ಆರು ಪಾಲಿನ ಲೆಕ್ಕದಲ್ಲಿ ರೂ. 1.5 ಲಕ್ಷ ಮಾತ್ರ. ಉಳಿದ ರೂ. 50 ಸಾವಿರ ಮಾಲೀಕರ ನಷ್ಟ. ಮೌಲ್ಯವನ್ನು ಮೊದಲೇ ಉಭಯತರೂ ಒಪ್ಪಿ ನಮೂದಿಸುವ ಪಾಲಿಸಿಗಳಲ್ಲಿ ಈ ತೊಡಕು ಇರುವುದಿಲ್ಲ.

2025ರ ಏಪ್ರಿಲ್ ತಿಂಗಳಿನಲ್ಲಿ ದೇಶದ ಚಿನಿವಾರ ಪೇಟೆಯಲ್ಲಿ 10 ಗ್ರಾಂ ಅಪ್ಪಟ ಚಿನ್ನದ ಬೆಲೆಯು ಮೊದಲ ಬಾರಿಗೆ ರೂ. 1 ಲಕ್ಷ ದಾಟಿತು. ಅದಕ್ಕೂ ಹಿಂದಿನ ಮೌಲ್ಯಮಾಪನದ ಆಧಾರದಲ್ಲಿ ಪಾಲಿಸಿಯನ್ನು ನವೀಕರಿಸುತ್ತಿರುವವರು ತಿಳಿಯದೆಯೇ ಕಡಿಮೆ ವಿಮೆಯ ಸ್ಥಿತಿಯಲ್ಲಿರುತ್ತಾರೆ. ಅದೇ ವೇಳೆಗೆ, ಬೆಳೆಸಿದ ವಜ್ರವಿರುವ ಒಡವೆಯಲ್ಲಿ ಹರಳಿನ ಭಾಗದ ಮೌಲ್ಯವು ಇಳಿದಿರಲೂಬಹುದು. ಪ್ರತಿ ನವೀಕರಣದ ಮುನ್ನ ಮೌಲ್ಯವನ್ನು ಪುನರ್ ಪರಿಶೀಲಿಸುವುದು ಅವಶ್ಯಕ.

10. ನಷ್ಟ ಸಂಭವಿಸಿದಲ್ಲಿ

ಕಳವು ತಿಳಿದ ಕೂಡಲೇ ಪೊಲೀಸ್ ಠಾಣೆಗೆ ದೂರು ನೀಡಿ ಪ್ರಥಮ ವರ್ತಮಾನ ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯತಕ್ಕದ್ದು. ಪ್ರಯಾಣದಲ್ಲಿ ಘಟನೆ ನಡೆದಿದ್ದಲ್ಲಿ, ಯಾವ ಠಾಣೆಯ ವ್ಯಾಪ್ತಿ ಎಂಬ ಪ್ರಶ್ನೆಯಿಂದ ದೂರನ್ನು ನಿರಾಕರಿಸುವಂತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಪ್ರಕರಣವು ವ್ಯಾಪ್ತಿಯನ್ನು ಪರಿಗಣಿಸದೆ ದೂರು ದಾಖಲಿಸಲು ಅವಕಾಶ ಕಲ್ಪಿಸಿದೆ. ವಿಮಾ ಕಂಪನಿಗೂ ವಿಳಂಬವಿಲ್ಲದೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಬೇಕು. ದೂರಿನಲ್ಲಿ ನೀಡುವ ಒಡವೆಗಳ ವಿವರ ಮತ್ತು ಮೌಲ್ಯಮಾಪನ ವರದಿಯಲ್ಲಿರುವ ವಿವರ ಒಂದಕ್ಕೊಂದು ತಾಳೆಯಾಗಬೇಕು. ಆದುದರಿಂದಲೇ ವರದಿಯನ್ನು ಕೈಯಲ್ಲಿಟ್ಟುಕೊಂಡು ದೂರು ಬರೆಯುವುದು ಉತ್ತಮ.

11. ದೂರು ಮತ್ತು ಪರಿಹಾರ

(ಅ) ಮಾರಾಟಗಾರರ ವಿರುದ್ಧ: 2020ರ ಗ್ರಾಹಕರ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳಂತೆ, ದೋಷಪೂರಿತ ಅಥವಾ ಜಾಹೀರಾತಿನಲ್ಲಿ ತಿಳಿಸಿದ ಗುಣಲಕ್ಷಣಗಳಿಲ್ಲದ ವಸ್ತುವನ್ನು ಹಿಂಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಅವರ ಕುಂದುಕೊರತೆ ಅಧಿಕಾರಿಯು 48 ಗಂಟೆಗಳೊಳಗೆ ದೂರಿಗೆ ಸ್ವೀಕೃತಿ ನೀಡಿ, ಒಂದು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

(ಆ) ಗ್ರಾಹಕರ ಆಯೋಗ: 2019ರ ಅಧಿನಿಯಮದಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ಮಾರಾಟಗಾರರು ಸೂರತ್‌ನಲ್ಲಿದ್ದರೂ ಭಟ್ಕಳದ ಗ್ರಾಹಕರು ಅಲ್ಲಿಗೆ ಹೋಗಬೇಕಾಗಿಲ್ಲ; ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗದ ಮುಂದೆ ದೂರು ಸಲ್ಲಿಸಬಹುದು. ಪಾವತಿಸಿದ ಮೊತ್ತ ರೂ. 50 ಲಕ್ಷದವರೆಗಿನ ಪ್ರಕರಣಗಳು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತವೆ. ರೂ. 5 ಲಕ್ಷದವರೆಗಿನ ಖರೀದಿಗೆ ಶುಲ್ಕವಿಲ್ಲ. ದೂರಿನ ಕಾರಣ ಉಂಟಾದ ಎರಡು ವರ್ಷಗಳೊಳಗೆ ಸಲ್ಲಿಸತಕ್ಕದ್ದು. ‘ಇ-ಜಾಗೃತಿ’ ಜಾಲತಾಣದ ಮೂಲಕವೂ ಸಲ್ಲಿಸಲು ಅವಕಾಶವಿದೆ.

(ಇ) ವಿಮಾ ಕಂಪನಿಯ ವಿರುದ್ಧ: ಮೊದಲು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಲಿಖಿತ ದೂರು ನೀಡಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದಲ್ಲಿ ಅಥವಾ ಉತ್ತರ ಸಮಾಧಾನಕರವಲ್ಲದಿದ್ದಲ್ಲಿ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ; ವಕೀಲರ ಅಗತ್ಯವೂ ಇಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ ‘ಬಿಮಾ ಭರೋಸಾ’ ಜಾಲತಾಣ ಮತ್ತು 155255 ಸಂಖ್ಯೆಯ ಮೂಲಕವೂ ದೂರು ದಾಖಲಿಸಬಹುದು.

12. ಕಾಪಾಡಿಕೊಳ್ಳಬೇಕಾದ ದಾಖಲೆಗಳು

ಬಿಲ್ಲು, ಹಣ ಪಾವತಿಯ ದಾಖಲೆ, ಜಾಹೀರಾತಿನ ಪ್ರತಿ, ಮಾರಾಟಗಾರರೊಡನೆ ನಡೆಸಿದ ಪತ್ರವ್ಯವಹಾರ, ಪಾರ್ಸೆಲ್ ತೆರೆದ ದೃಶ್ಯ, ಪ್ರಯೋಗಾಲಯದ ವರದಿ, ಮೌಲ್ಯಮಾಪನ ವರದಿ, ಸುಂಕದ ರಸೀದಿ ಇದ್ದಲ್ಲಿ ಅದು ಮತ್ತು ಪಾಲಿಸಿಯ ಸಂಪೂರ್ಣ ಷರತ್ತುಗಳು ಇವುಗಳನ್ನು ಒಂದೇ ಕಡತದಲ್ಲಿ ಇಡತಕ್ಕದ್ದು. ಒಡವೆಯಿರುವ ಕಪಾಟಿನಲ್ಲಿಯೇ ಈ ಕಡತವನ್ನು ಇಟ್ಟಲ್ಲಿ, ಕಳ್ಳತನವಾಗಲಿ ನೆರೆಯಾಗಲಿ, ಒಡವೆ ಮತ್ತು ಅದರ ಸಾಕ್ಷ್ಯ ಎರಡೂ ಒಂದೇ ದಿನ ಕೈತಪ್ಪಿ ಹೋಗುತ್ತವೆ. ಆದುದರಿಂದ ಒಂದು ಪ್ರತಿಯನ್ನು ಬೇರೆ ಮನೆಯಲ್ಲಿರುವ ನಂಬಿಕಸ್ಥರ ಬಳಿ ಅಥವಾ ವಿದ್ಯುನ್ಮಾನ ರೂಪದಲ್ಲಿ ಇರಿಸುವುದು ಅತ್ಯವಶ್ಯಕ.

ಮದುವೆಯ ಸಂದರ್ಭದಲ್ಲಿ ಕೊಳ್ಳುವ ವಜ್ರಾಭರಣವು ಅನೇಕ ಕುಟುಂಬಗಳಿಗೆ ವರ್ಷಗಳ ಉಳಿತಾಯವಾಗಿರುತ್ತದೆ. ಒಡವೆ ಕೈಸೇರಿದ ದಿನದಿಂದ ವಾಪಸಾತಿ ಅವಧಿ ಮುಗಿಯುವವರೆಗಿನ ದಿನಗಳಲ್ಲಿ ಪರೀಕ್ಷೆ ಮತ್ತು ಮೌಲ್ಯಮಾಪನವನ್ನು ಪೂರೈಸಿ, ಒಡವೆಯನ್ನು ಪ್ರಥಮ ಬಾರಿಗೆ ಧರಿಸಿ ಹೊರಡುವ ಮುನ್ನವೇ ಪಾಲಿಸಿ ಜಾರಿಯಲ್ಲಿರುವಂತೆ ನೋಡಿಕೊಳ್ಳಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.